ಕೆಲಸ ಮಾಡುವಾಗ ನಿಮ್ಮಲ್ಲಿ ನಿಮಗೇ ಇಷ್ಟವಾಗುವ ಗುಣ ಯಾವುದು?

ಲೇಬಲ್‌ಹುಡುಗಿ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಕಾಫಿಪುಡಿ ಪ್ಯಾಕೆಟ್, ಜೇನಿನ ಬಾಟಲಿ, ಹೋಮ್‌ಸ್ಟೇ ಬೋರ್ಡ್, ಮದುವೆ ಕಾಗದ, ಹೀಗೆ ಬಂದದ್ದನ್ನು ಮಾಡುತ್ತೇನೆ. ಈಗ ಬೆಂಗಳೂರಿನ ಒಂದು ಸ್ಟುಡಿಯೋಗೆ ಅರ್ಜಿ ಹಾಕುತ್ತಿದ್ದೇನೆ. ಮಾಡಿದ ಕೆಲಸಗಳ ಫೈಲ್ ಸಿದ್ಧವಿದೆ. ಸಿಕ್ಕಿಕೊಂಡಿರುವುದು ಅರ್ಜಿಯ ಕೊನೆಯ ಪ್ರಶ್ನೆಯಲ್ಲಿ. "ಸೃಜನಶೀಲ ಕೆಲಸಗಾರರಾಗಿ ನಿಮ್ಮಲ್ಲಿ ನೀವು ಮೆಚ್ಚುವ ಮೂರು ಗುಣಗಳನ್ನು ಬರೆಯಿರಿ. ಪ್ರತಿಯೊಂದಕ್ಕೂ ನಿಮ್ಮ ಕೆಲಸದಿಂದಲೇ ಉದಾಹರಣೆ ಕೊಡಿ."

ನಾನು ಮೊದಲು ಬರೆದದ್ದು, "ಒಪ್ಪಿಕೊಂಡ ದಿನಕ್ಕೆ ಕೆಲಸ ಕೊಡುತ್ತೇನೆ" ಅಂತ. ಓದಿದ ಗೆಳತಿ ಅದನ್ನು ತೆಗೆದುಹಾಕು ಅಂದಳು. ಅದು ಆಫೀಸಿನವರ ಗುಣವಂತೆ, ಕಲಾವಿದರ ಗುಣ ಅಲ್ಲವಂತೆ. "ಕಲ್ಪನೆ, ಹೊಸತನ, ಧೈರ್ಯ" ಅಂತ ಬರೆ ಅಂದಳು. ಮೂರೂ ಒಳ್ಳೆಯ ಮಾತೇ. ಆದರೆ ಅರ್ಜಿ ಹಾಕುವ ಎಲ್ಲರೂ ಅದನ್ನೇ ಬರೆಯುತ್ತಾರೆ ಅಲ್ವಾ?

ಎರಡನೆಯದಾಗಿ ಬರೆಯಲು ನನ್ನ ಮನಸ್ಸಿನಲ್ಲಿರುವುದು ಒಂದು ಕಾಚಂಪುಳಿ ಬಾಟಲಿಯ ಕೆಲಸ. ಕಾಚಂಪುಳಿ ನೋಡದವರಿಗೆ ಹೇಳುತ್ತೇನೆ. ಪಣಪುಳಿ ಹಣ್ಣಿನ ರಸವನ್ನು ಕಾಯಿಸಿ, ಬತ್ತಿಸಿ ಮಾಡುವ ಕಪ್ಪು ಹುಳಿ ಅದು, ಪಂದಿ ಕರಿಗೆ ಹಾಕುವುದು. ಗಿರಾಕಿ ಕೇಳಿದ್ದು ಬಾಟಲಿಯ ಸುತ್ತ ಪೂರ್ತಿ ಬರುವ ದೊಡ್ಡ ಲೇಬಲ್. ನಾನು ಅಂಗಡಿಯಲ್ಲಿ ನಿಂತು ಜನ ಹೇಗೆ ಕೊಳ್ಳುತ್ತಾರೆ ಅಂತ ನೋಡಿದೆ. ತಿಳಿದವರು ಯಾರೂ ಲೇಬಲ್ ಓದಲಿಲ್ಲ. ಬಾಟಲಿಯನ್ನು ಕುತ್ತಿಗೆಯಲ್ಲಿ ಹಿಡಿದು ಓರೆ ಮಾಡುತ್ತಾರೆ. ಒಳಗಿನ ರಸ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದಾ, ನೀರಿನ ಹಾಗೆ ಸರ್ರನೆ ಇಳಿಯುತ್ತದಾ ಅಂತ ನೋಡುತ್ತಾರೆ. ಗಟ್ಟಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಹಾಗಾಗಿ ಲೇಬಲ್ಲನ್ನು ಚಿಕ್ಕದು ಮಾಡಿ ಬಾಟಲಿಯ ಕೆಳಭಾಗಕ್ಕೆ ಇಳಿಸಿದೆ. ಮೇಲಿನ ಗಾಜು ಪೂರ್ತಿ ಖಾಲಿ. ಗಿರಾಕಿ ಒಪ್ಪಿದರು.

ಇದಕ್ಕೆ ಏನು ಹೆಸರು ಕೊಡಬೇಕು ಅಂತ ಗೊತ್ತಾಗುತ್ತಿಲ್ಲ. ಚಿತ್ರವನ್ನೇನೂ ಬರೆಯಲಿಲ್ಲವಲ್ಲ, ಇದು ಸೃಜನಶೀಲತೆಗೆ ಸೇರುತ್ತದಾ?

ಇಲ್ಲಿ ಫೋಟೋ, ಶಿಲ್ಪ, ಮರದ ಕೆಲಸ, ಬರವಣಿಗೆ ಅಂತ ಕೈ ಕೆಲಸದಿಂದಲೇ ಬದುಕುವವರು ಇದ್ದೀರಿ. ಗಿರಾಕಿ ಹೊಗಳುವ ಗುಣ ಬೇಡ. ನೀವು ಒಬ್ಬರೇ ಕೂತಾಗ "ನನ್ನಲ್ಲಿ ಇದು ಇರುವುದು ಒಳ್ಳೆಯದಾಯಿತು" ಅನ್ನಿಸುವ ಗುಣ ಯಾವುದು? ಸುಮ್ನೆ ಹೆಸರು ಹೇಳಿ ಬಿಡಬೇಡಿ, ಅದು ಕೆಲಸದಲ್ಲಿ ಎಲ್ಲಿ ಕಾಣುತ್ತದೆ ಅಂತಲೂ ಹೇಳಿ.

ಗೋಣಿಕೊಪ್ಪ ಸ್ಟುಡಿಯೋ

ತಂಗಿ, ನಿನ್ನ ಪ್ರಶ್ನೆ ಚೆನ್ನಾಗಿದೆ. ನಾನು ಗೋಣಿಕೊಪ್ಪದಲ್ಲಿ ಮದುವೆ ಫೋಟೋ ತೆಗೆಯುವವನು. ರೋಲಿಗೆ 36 ಚಿತ್ರ ಅನ್ನುವ ಕಾಲದಿಂದ ಇದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನಲ್ಲಿ ನನಗೆ ಇಷ್ಟವಾದದ್ದು, ಒಂದೇ ವಿಷಯವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರ ಬರುವುದಿಲ್ಲ.

ಕೊಡವ ಮದುವೆಯ ಮುಹೂರ್ತ ನೋಡಿರುತ್ತೀಯ. ಮಂತ್ರ ಹೇಳುವ ಪುರೋಹಿತರಿಲ್ಲ. ಮದುಮಗ ಮುಕ್ಕಾಲಿಯ ಮೇಲೆ ಕೂತಿರುತ್ತಾನೆ. ಹಿರಿಯರು, ನೆಂಟರು, ಊರವರು ಸಾಲಾಗಿ ಬರುತ್ತಾರೆ. ಪ್ರತಿಯೊಬ್ಬರೂ ಅಕ್ಕಿ ಹಾಕಿ ಹರಸುತ್ತಾರೆ, ಕಿಂಡಿ ಅನ್ನುವ ಮೂತಿ ಪಾತ್ರೆಯಿಂದ ಹಾಲು ಕುಡಿಸುತ್ತಾರೆ, ಕೈಯಲ್ಲಿ ಉಡುಗೊರೆ ಇಡುತ್ತಾರೆ. ಮದುಮಗಳಿಗೂ ಹಾಗೇ. ನೂರಾರು ಜನ, ಎಲ್ಲರದ್ದೂ ಅದೇ ಕ್ರಮ. ನನ್ನ ಜೊತೆ ಕಲಿಯಲು ಬರುವ ಹುಡುಗರು ಮೊದಲ ಹತ್ತು ಹದಿನೈದು ಜನರನ್ನು ಚೆನ್ನಾಗಿ ತೆಗೆಯುತ್ತಾರೆ. ಆಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಸುಮ್ಮನೆ ಬಟನ್ ಒತ್ತುತ್ತಾ ಇರುತ್ತಾರೆ. ಕಣ್ಣು ಎಲ್ಲೋ ಇರುತ್ತದೆ.

ನನಗೆ ನಿಜವಾದ ಕೆಲಸ ಶುರುವಾಗುವುದೇ ಆ ಹೊತ್ತಿಗೆ. ಕ್ರಮ ಒಂದೇ, ಕೈ ಬೇರೆ. ಸೈನ್ಯದಿಂದ ನಿವೃತ್ತರಾದ ಮಾವ ಒಬ್ಬರು ಬೆನ್ನು ನೆಟ್ಟಗೆ ಮಾಡಿ ನಿಂತು, ಅಳತೆ ಮಾಡಿದ ಹಾಗೆ ಅಕ್ಕಿ ಹಾಕುತ್ತಾರೆ. ಅವರ ಹಿಂದೆಯೇ ಬಂದ ಅಜ್ಜಿಯ ಕೈ ನಡುಗುತ್ತದೆ. ಅರ್ಧ ಅಕ್ಕಿ ದಾರಿಯಲ್ಲೇ ಚೆಲ್ಲುತ್ತದೆ. ಮಿಕ್ಕದ್ದನ್ನು ಅವರು ಮೊಮ್ಮಗನ ತಲೆಯ ಮೇಲಿಟ್ಟು, ಕೈ ತೆಗೆಯುವುದೇ ಇಲ್ಲ. ಸಾಲು ನಿಂತಿದೆ, ಹಿಂದಿನವರು ಕಾಯುತ್ತಿದ್ದಾರೆ, ಅಜ್ಜಿಯ ಬೆರಳು ಪೇಟದ ಅಂಚಿನಲ್ಲೇ ಇದೆ. ಆ ಚಿತ್ರ ಬೇಕಾದರೆ ಅಷ್ಟು ಹೊತ್ತಿನವರೆಗೂ ಕಣ್ಣು ಎಚ್ಚರವಾಗಿರಬೇಕು. ಮದುವೆ ಮುಗಿದು ಆಲ್ಬಂ ಕೊಟ್ಟಾಗ ಮನೆಯವರು ನಿಂತು ನೋಡುವುದು ಅಂಥ ಚಿತ್ರವನ್ನೇ.

ಗಂಗಾಪೂಜೆಯಲ್ಲೂ ಇದೇ. ಮದುಮಗಳು ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುತ್ತಾಳೆ. ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವಳು ಒಂದು ಹೆಜ್ಜೆ ಮುಂದಿಡಲು ಎಷ್ಟೋ ಹೊತ್ತು ಬೇಕು. ಎಲ್ಲರ ಕ್ಯಾಮೆರಾ ಕುಣಿಯುವವರ ಕಡೆಗೆ. ಈಗ ಡ್ರೋನ್ ಬೇರೆ ಬಂದಿದೆ, ವಾಲಗದ ಮೇಲೆ ಅದರ ಗುಂಯ್ ಸದ್ದು. ನನಗೆ ಅದು ಹಿಡಿಸುವುದಿಲ್ಲ. ನಾನು ಪಕ್ಕದಲ್ಲಿ ಗೋಡೆಗೆ ಒರಗಿ ಅವಳ ಕುತ್ತಿಗೆ, ಕೊಡ ಹಿಡಿದ ಕೈ, ಜೊತೆಗೆ ನಿಂತ ಹೆಂಗಸು ಅವಳ ಕಿವಿಯಲ್ಲಿ ಏನೋ ಹೇಳುವುದು, ಇದನ್ನೇ ನೋಡುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ನಾನು ಅಲ್ಲಿದ್ದೇನೆ ಅನ್ನುವುದೇ ಅವರಿಗೆ ಮರೆತುಹೋಗುತ್ತದೆ. ಹಾಗೆ ಮರೆತುಹೋಗುವಂತೆ ಇರಲು ಬರುವುದು ಕೂಡ ನನಗೆ ಇಷ್ಟವಾದ ಗುಣ.

ಇನ್ನೊಂದು, ಯಾರೂ ಕೇಳದ ವಿಷಯಕ್ಕೆ ಒದ್ದಾಡುವುದು. ಮದುಮಗ ತೊಡುವ ಬಿಳಿ ನಿಲುವಂಗಿ, ಕುಪ್ಯವನ್ನೇ ತೆಗೆದುಕೋ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ಸರಾಸರಿ ಬೂದು ಅಂತ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಚಿತ್ರ ಮಂಕಾಗುತ್ತದೆ, ಕುಪ್ಯ ತೊಳೆಯದ ಬಟ್ಟೆಯಂತೆ ಕಾಣುತ್ತದೆ. ಹಿಂದೆ ಕತ್ತಲೆ ಹಾಲ್ ಇದ್ದರೆ ತಿರುಗಾಮುರುಗಾ. ಬಿಳಿ ಸುಟ್ಟುಹೋಗಿ ಬಟ್ಟೆಯ ಮಡಿಕೆಯೇ ಇಲ್ಲದಂತಾಗುತ್ತದೆ. ಪಕ್ಕದಲ್ಲಿ ಕೆಂಪು ಸೀರೆ. ಡಿಜಿಟಲ್‌ನಲ್ಲಿ ಕಡುಗೆಂಪು ಬೇಗ ತುಂಬಿಹೋಗಿ ಜರಿಯ ಎಳೆ ಕಾಣಿಸುವುದಿಲ್ಲ. ಫ್ಲ್ಯಾಶ್ ನೇರ ಹೊಡೆದರೆ ಪೀಚೆಕತ್ತಿಯ ಬೆಳ್ಳಿ ಫಳ್ಳನೆ ಹೊಳೆದು ಕೆತ್ತನೆ ಮಾಯ. ಹಾಗಾಗಿ ಬೆಳಕನ್ನು ನಾನು ಕೈಯಿಂದಲೇ ಹೊಂದಿಸುತ್ತೇನೆ. ಬಿಳಿಯಲ್ಲಿ ಮಡಿಕೆ ಉಳಿಯಬೇಕು, ಕೆಂಪಿನಲ್ಲಿ ಜರಿ ಉಳಿಯಬೇಕು. ಇವತ್ತಿನವರೆಗೆ ಯಾವ ಗಿರಾಕಿಯೂ "ಕುಪ್ಯದ ಮಡಿಕೆ ಚೆನ್ನಾಗಿ ಬಂದಿದೆ" ಅಂದಿಲ್ಲ. ನನಗೆ ಬೇಕು, ಅಷ್ಟೇ.

ಈಗ ನಿನ್ನ ಮೊದಲ ಗುಣಕ್ಕೆ ಬರುತ್ತೇನೆ. ಹೇಳಿದ ದಿನಕ್ಕೆ ಕೊಡುವುದು. ನಿನ್ನ ಗೆಳತಿಯ ಮಾತನ್ನು ನಾನು ಒಪ್ಪುವುದಿಲ್ಲ. ಮದುವೆ ಒಂದೇ ಸಲ ನಡೆಯುತ್ತದೆ. ನಮ್ಮ ಜಿಲ್ಲೆಯ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಲೆನ್ಸಿನ ಒಳಗೂ ಬರುತ್ತದೆ, ಗಾಜಿನ ಮೇಲೆ ಬಿಳಿ ಬೇರು ಹರಡಿದ ಹಾಗೆ. ಒಮ್ಮೆ ಗಾಜಿನ ಲೇಪವನ್ನು ತಿಂದರೆ ಒರೆಸಿದರೂ ಹೋಗುವುದಿಲ್ಲ. ಜೂನ್ ಬಂತೆಂದರೆ ನನ್ನ ಲೆನ್ಸುಗಳೆಲ್ಲ ಗಾಳಿಯಾಡದ ಡಬ್ಬಿಗೆ ಹೋಗುತ್ತವೆ. ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಜೆಲ್ಲಿನ ಬಣ್ಣ ಬದಲಾದರೆ ಹುರಿದು ಒಣಗಿಸಿ ಮತ್ತೆ ಹಾಕುತ್ತೇನೆ. ಕಕ್ಕಡ ತಿಂಗಳಲ್ಲಿ ಶುಭಕಾರ್ಯ ಇಲ್ಲ, ನನಗೆ ಕೆಲಸವೂ ಇಲ್ಲ. ಆಗಲೂ ಡಬ್ಬಿಯನ್ನು ದಿನಾ ನೋಡುತ್ತೇನೆ. ಇದನ್ನು ಕಲೆ ಅಂತ ಯಾರೂ ಕರೆಯುವುದಿಲ್ಲ. ಆದರೆ ನವೆಂಬರ್‌ನಲ್ಲಿ ಆ ಅಜ್ಜಿಯ ಕೈ ಸ್ಪಷ್ಟವಾಗಿ ಬರುವುದು ಇದರಿಂದ.

ಇನ್ನೂ ಒಂದು ಮಾತು. ಹೇಳಿದ ದಿನಕ್ಕೆ ಬರುತ್ತಾನೆ, ಕೆಲಸ ಕೆಡಿಸುವುದಿಲ್ಲ ಅಂತ ಮನೆಯವರಿಗೆ ನಂಬಿಕೆ ಬಂದರೆ, ಆಮೇಲೆ ನಾನು ಎಲ್ಲಿ ನಿಲ್ಲಬೇಕು, ಏನು ತೆಗೆಯಬೇಕು ಅಂತ ಯಾರೂ ಹೇಳುವುದಿಲ್ಲ. ಹೊಸದನ್ನು ಮಾಡಲು ಜಾಗ ಸಿಗುವುದು ಅಲ್ಲೇ. ನಿನ್ನ ಕಾಚಂಪುಳಿಯವರು ದೊಡ್ಡ ಲೇಬಲ್ ಬಿಟ್ಟು ಚಿಕ್ಕದಕ್ಕೆ ಒಪ್ಪಿದರಲ್ಲ, ನೀನು ಅವರಿಗೆ ಮೊದಲೂ ಕೆಲಸ ಮಾಡಿಕೊಟ್ಟಿದ್ದೆಯಾ?

ಲೇಬಲ್‌ಹುಡುಗಿ, ಕುಶಾಲನಗರ

ಹೌದು ಅಣ್ಣ. ಅವರ ಜೇನಿನ ಬಾಟಲಿಯನ್ನೂ ಮೆಣಸಿನ ಪೊಟ್ಟಣವನ್ನೂ ನಾನೇ ಮಾಡಿದ್ದೆ. ಎರಡೂ ಹೇಳಿದ ದಿನಕ್ಕೆ ಕೊಟ್ಟಿದ್ದೆ. ಈ ಎರಡನ್ನು ನಾನು ಜೋಡಿಸಿ ನೋಡಿರಲಿಲ್ಲ.

ವಿರಾಜಪೇಟೆ ಅನಿಮೇಟರ್

ನನ್ನದು ಬೇರೆ ಅಭಿಪ್ರಾಯ. ಕಲ್ಪನೆ ಒಂದಿದ್ದರೆ ಸಾಕು. ಸಮಯಪಾಲನೆ, ತಾಳ್ಮೆ, ಕ್ಯಾಮೆರಾ ಒಣಗಿಸುವುದು, ಇದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಎಲ್ಲೂ ಇಲ್ಲದ ಲೋಕವೊಂದನ್ನು ತಲೆಯೊಳಗೆ ಕಾಣುವುದನ್ನು ಕಲಿಸಲು ಆಗುವುದಿಲ್ಲ. ನನ್ನಲ್ಲಿ ನನಗೆ ಇಷ್ಟ ಅದೇ. ಅಕ್ಕ, ಸ್ಟುಡಿಯೋದವರು ನಿಮ್ಮಿಂದ ಹುಡುಕುವುದೂ ಅದನ್ನೇ.

ಮಡಿಕೇರಿ ಮೇಡಂ

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತಿ. ಈ ಜಗಳ ಹೊಸದಲ್ಲ. ಇದರ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವೇ ಇದೆ. ಅದು ನಿನ್ನ ಅರ್ಜಿಯ ಪ್ರಶ್ನೆಗೆ ಎಷ್ಟು ಹತ್ತಿರ ಅಂದರೆ, ಹೇಳದೆ ಇರಲಾರೆ.

ಅಮೆರಿಕದ ಬರ್ಕ್ಲಿಯಲ್ಲಿ 1950ರ ದಶಕದ ಕೊನೆಗೆ ಡೊನಾಲ್ಡ್ ಮೆಕಿನನ್ ಅನ್ನುವ ಮನಃಶಾಸ್ತ್ರಜ್ಞರು, ಅವರ ಸಂಗಡಿಗರು 40 ಮಂದಿ ಹೆಸರಾಂತ ವಾಸ್ತುಶಿಲ್ಪಿಗಳನ್ನು ಕರೆಸಿದರು. ಈರೊ ಸಾರಿನೆನ್, ಫಿಲಿಪ್ ಜಾನ್ಸನ್, ರಿಚರ್ಡ್ ನ್ಯೂಟ್ರಾ ಅವರಂಥ ಘಟಾನುಘಟಿಗಳು. ವಾರದ ಕೊನೆಗೆ ತಂಡ ತಂಡವಾಗಿ ಬಂದು ಉಳಿದು ಪರೀಕ್ಷೆಗಳಲ್ಲಿ ಕೂತರು. ಬಣ್ಣಬಣ್ಣದ ಚೌಕ ತುಂಡುಗಳನ್ನು ಕೊಟ್ಟು ಒಂದು ವಿನ್ಯಾಸ ಜೋಡಿಸಿ ಅಂತಲೂ ಕೇಳಿದ್ದರು. ಸಾರಿನೆನ್ ಬರೀ ಬಿಳಿ ತುಂಡುಗಳನ್ನೇ ಬಳಸಿದರಂತೆ.

ಅದರಲ್ಲಿ ಒಂದು ಪರೀಕ್ಷೆ ಹೀಗಿತ್ತು. ಗುಣಗಳನ್ನು ಹೇಳುವ ಪದಗಳ ಉದ್ದ ಪಟ್ಟಿ ಕೊಡುವುದು, ನಿಮಗೆ ಒಪ್ಪುವ ಪದಕ್ಕೆ ಗುರುತು ಹಾಕಿ ಅನ್ನುವುದು. ಹೆಚ್ಚು ಸೃಜನಶೀಲರು ಅಂತ ಹೆಸರಾದವರು ತಮ್ಮನ್ನು ತಾವು ಹೊಸದನ್ನು ಹುಟ್ಟಿಸುವವರು, ಹಟ ಬಿಡದವರು, ಸ್ವತಂತ್ರರು, ಉತ್ಸಾಹಿಗಳು, ದುಡಿಮೆಗಾರರು ಅಂತ ಕರೆದುಕೊಂಡರು. ಹೋಲಿಕೆಗೆ ಅಂತ ತೆಗೆದುಕೊಂಡಿದ್ದ, ಅಷ್ಟು ಹೆಸರು ಮಾಡದ ಬೇರೆ ವಾಸ್ತುಶಿಲ್ಪಿಗಳ ಗುಂಪು ಹೆಚ್ಚಾಗಿ ಗುರುತು ಹಾಕಿದ್ದು ಜವಾಬ್ದಾರಿ, ಪ್ರಾಮಾಣಿಕತೆ, ನಂಬಿಕೆಗೆ ಅರ್ಹ, ಸಹನೆ ಅನ್ನುವ ಪದಗಳಿಗೆ. ಮೆಕಿನನ್ ಇದನ್ನು 1962ರಲ್ಲಿ ಬರೆದರು.

ಮೇಲ್ನೋಟಕ್ಕೆ ಗೆಳತಿಯೇ ಗೆದ್ದಳು ಅನ್ನಿಸಬಹುದು. ಆದರೆ ನೋಡಮ್ಮ, ಎರಡು ಮೂರು ವಿಷಯ ಇವೆ.

ಇದು ಅವರು ತಮ್ಮನ್ನು ಹೇಗೆ ನೋಡಿಕೊಂಡರು ಅನ್ನುವುದರ ಪಟ್ಟಿ. ಹೇಗೆ ನಡೆದುಕೊಂಡರು ಅನ್ನುವುದರ ಪಟ್ಟಿ ಅಲ್ಲ. ಕಟ್ಟಡ ಕಟ್ಟುವವರಿಗೆ ಗಿರಾಕಿ, ಎಂಜಿನಿಯರ್, ಬಜೆಟ್ ಎಲ್ಲವೂ ಇರುತ್ತದೆ. ಮಾತು ಉಳಿಸಿಕೊಳ್ಳದೆ ಅಷ್ಟು ದೊಡ್ಡ ಕಟ್ಟಡ ಎದ್ದು ನಿಲ್ಲುವುದಿಲ್ಲ. ನಂಬಿಕೆ ಅವರಿಗೆ ಆಗಲೇ ಸಿಕ್ಕಿತ್ತು. ಸಿಕ್ಕಿದ್ದನ್ನು ಜನ ತಮ್ಮ ವಿಶೇಷ ಅಂತ ಹೇಳಿಕೊಳ್ಳುವುದು ಕಡಿಮೆ. ಇದು ನನ್ನ ಓದು, ಮೆಕಿನನ್ ಮಾತಲ್ಲ.

ಎರಡನೆಯದು, ಆ 40 ಮಂದಿಯೂ ಗಂಡಸರು. ಅದೇ ಸಂಸ್ಥೆಯಲ್ಲಿ ರವೆನ್ನಾ ಹೆಲ್ಸನ್ ಅನ್ನುವವರು ಹೆಣ್ಣು ಗಣಿತಜ್ಞರನ್ನು ಬೇರೆಯಾಗಿ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಅಲ್ಲೂ ಎದ್ದು ಕಂಡ ಗುಣ ಹೊರಗಿನ ಒತ್ತಡಕ್ಕೆ ಬಗ್ಗದ ಸ್ವತಂತ್ರ ಬುದ್ಧಿ. ಆದರೆ ಅದು ಕಂಡದ್ದು ಅಂತರ್ಮುಖಿಗಳಲ್ಲಿ, ತಮ್ಮ ಕೆಲಸದೊಳಗೇ ಸಂತೋಷ ಕಂಡುಕೊಂಡವರಲ್ಲಿ. ಧೈರ್ಯ ಅಂದರೆ ಜೋರಾಗಿ ಮಾತಾಡುವುದೇ ಅಂತಿಲ್ಲ.

ನಮ್ಮ ಊರಿನ ಉದಾಹರಣೆ ಬೇಕಾದರೆ ಕೊಡಗಿನ ಗೌರಮ್ಮ ಇದ್ದಾರೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ, ಇನ್ನೂ ಇಪ್ಪತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಹೆಣ್ಣುಮಕ್ಕಳು ಕಥೆ ಬರೆಯುವುದೇ ಅಪರೂಪವಾಗಿದ್ದ ಕಾಲ. ಸುಂಟಿಕೊಪ್ಪದ ಕಡೆಯ ತೋಟದ ಮನೆಯಲ್ಲಿ ಕೂತು ಅವರು ವಿಧವೆಯರ ಬಗ್ಗೆ, ಜಾತಿ ಮೀರಿದ ಪ್ರೀತಿಯ ಬಗ್ಗೆ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತು ಕರೆಸಿಕೊಂಡು, ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟರು. ಮೆಕಿನನ್ ಪಟ್ಟಿಯ "ಹಟ ಬಿಡದವರು" ಅನ್ನುವ ಪದ ಓದಿದಾಗ ನನಗೆ ನೆನಪಾಗುವುದು ಅವರು.

ಫೋಟೋದವರು ಹೇಳಿದ ಕುಪ್ಯದ ಮಡಿಕೆ ವಿಷಯಕ್ಕೂ ಒಂದು ಅಧ್ಯಯನ ಇದೆ. ತೆರೆಸಾ ಅಮಾಬಿಲೆ 1985ರಲ್ಲಿ ಬರವಣಿಗೆ ಮಾಡುವ 72 ಮಂದಿಯನ್ನು ತೆಗೆದುಕೊಂಡರು. ಕೆಲವರಿಗೆ ಹೆಸರು, ಹಣದಂಥ ಕಾರಣಗಳ ಪಟ್ಟಿ ಕೊಟ್ಟು ಅದರ ಬಗ್ಗೆ ಯೋಚಿಸಲು ಹೇಳಿದರು. ಇನ್ನು ಕೆಲವರಿಗೆ ಬರೆಯುವುದರ ಖುಷಿಯ ಕಾರಣಗಳನ್ನು ಕೊಟ್ಟರು. ಆಮೇಲೆ ಪುಟ್ಟ ಕವಿತೆ ಬರೆಸಿದರು. ಹೆಸರು, ಹಣದ ಬಗ್ಗೆ ಯೋಚಿಸಿದವರ ಕವಿತೆಗಳನ್ನು ಯಾರು ಬರೆದದ್ದು ಅಂತ ತಿಳಿಯದೆ ಓದಿದ ತೀರ್ಪುಗಾರರು ಕಡಿಮೆ ಸೃಜನಶೀಲ ಅಂದರು. ಬರೀ ಕೆಲವು ನಿಮಿಷದ ಯೋಚನೆಯಿಂದ ಅಷ್ಟು ವ್ಯತ್ಯಾಸ. ಯಾರೂ ಕೇಳದ ಮಡಿಕೆಗೆ ಒದ್ದಾಡುವುದನ್ನು ಧೈರ್ಯವಾಗಿ ಗುಣ ಅಂತ ಬರಿ.

ದಸರಾ ಮಂಟಪದವನು, ಮಡಿಕೇರಿ

ಮೇಡಂ ಬರೆದದ್ದು ಓದಿ ಖುಷಿಯಾಯಿತು. ನಾನು ಓದಿದವನಲ್ಲ, ಮಂಟಪದ ಕೆಲಸದವನು.

ಮಡಿಕೇರಿ ದಸರಾದ ದಶಮಂಟಪ ಗೊತ್ತಲ್ಲ. ಹತ್ತು ದೇವಸ್ಥಾನಗಳಿಂದ ಹತ್ತು ಮಂಟಪ. ವಿಜಯದಶಮಿ ರಾತ್ರಿ ಹೊರಟರೆ ಬೆಳಗಿನವರೆಗೂ ಮೆರವಣಿಗೆ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಪುರಾಣದ ಒಂದು ಕಥೆ. ಅಸುರ ಏಳಬೇಕು, ಕಣ್ಣು ತಿರುಗಬೇಕು, ದೇವಿ ಇಳಿಯಬೇಕು, ಹೊಗೆ, ಬೆಳಕು, ಸೌಂಡ್ ಎಲ್ಲ ಒಟ್ಟಿಗೆ ಆಗಬೇಕು. ಒಳಗೆ ಕಬ್ಬಿಣದ ಪಂಜರ, ಮೇಲೆ ಫೈಬರ್ ಅಥವಾ ಥರ್ಮಾಕೋಲ್, ಅದರ ಮೇಲೆ ಬಣ್ಣ. ಕತ್ತು ತಿರುಗಿಸಲು ಕಾರಿನ ವೈಪರ್ ಮೋಟಾರ್ ಸಾಕು, ನಿಧಾನ ತಿರುಗುತ್ತದೆ, ಬಲವೂ ಇದೆ. ದೊಡ್ಡ ಕೈ ಎತ್ತಲು ಹೈಡ್ರಾಲಿಕ್ ಬೇಕು.

ನನ್ನಲ್ಲಿ ನನಗೆ ಇಷ್ಟವಾದದ್ದು, ನನ್ನ ಕೆಲಸವನ್ನು ನಾನೇ ಕಡಿಮೆ ಮಾಡಲು ತಯಾರಿರುವುದು. ಅಸುರನ ಮುಖದಲ್ಲಿ ಹುಬ್ಬು, ರೋಮ, ಸುಕ್ಕು ಅಂತ ಕೂತು ಮಾಡಲು ನನಗೆ ಆಸೆ. ಶೆಡ್ಡಿನಲ್ಲಿ ಹತ್ತಿರ ನಿಂತು ನೋಡಿದರೆ ಚಂದ. ಆದರೆ ಜನ ನೋಡುವುದು ರಾತ್ರಿ, ದೂರದಿಂದ, ಒಬ್ಬರ ತಲೆಯ ಹಿಂದಿನಿಂದ ಇನ್ನೊಬ್ಬರು. ಸಣ್ಣ ಸುಕ್ಕು ಕಾಣುವುದಿಲ್ಲ, ಹುಬ್ಬಿನ ನೆರಳು ಮಾತ್ರ ಕಾಣುತ್ತದೆ. ಹಾಗಾಗಿ ಸುಕ್ಕು ಬಿಟ್ಟು ಹುಬ್ಬನ್ನು ಮುಂದಕ್ಕೆ ತರುತ್ತೇನೆ, ಕೆಳಗಿನಿಂದ ಕೆಂಪು ಲೈಟ್ ಕೊಡುತ್ತೇನೆ. ಅಷ್ಟರಲ್ಲೇ ಸಿಟ್ಟು ಬರುತ್ತದೆ ಮುಖಕ್ಕೆ.

ಜೊತೆಗೆ, ನಮ್ಮದು ಹೆಸರಿಲ್ಲದ ಕೆಲಸ. ವೆಲ್ಡರ್, ಎಲೆಕ್ಟ್ರಿಷಿಯನ್, ಬಣ್ಣದವನು, ಜನರೇಟರ್ ನೋಡುವ ಹುಡುಗ, ಎಲ್ಲರೂ ಸೇರಿ ಅದು ಎದ್ದು ನಿಲ್ಲುವುದು. ದೇವಸ್ಥಾನದ ಹೆಸರಿಗೆ ಬಹುಮಾನ ಬರುತ್ತದೆ. ನನಗೆ ಅದರಲ್ಲಿ ಬೇಸರ ಇಲ್ಲ. ಎಲ್ಲಾ ಮುಗಿದ ಮೇಲೆ ನಾವೇ ನಿಂತು ಕಳಚುತ್ತೇವೆ. ಮುಂದಿನ ವರ್ಷ ಬೇರೆ ಕಥೆ.

ವಿರಾಜಪೇಟೆ ತಮ್ಮನಿಗೆ ಒಂದು ಮಾತು. ಕಲ್ಪನೆ ಬೇಕು, ನಾನು ಇಲ್ಲ ಅನ್ನುವುದಿಲ್ಲ. ಆದರೆ ತಲೆಯಲ್ಲಿ ಹಾರುವ ಗರುಡನಿಗೆ ತೂಕ ಇರುವುದಿಲ್ಲ. ಟ್ರೇಲರ್ ಮೇಲಿನ ಗರುಡನಿಗೆ ತೂಕ ಇದೆ, ಮಡಿಕೇರಿ ರಸ್ತೆಗೆ ಏರು ಇಳಿವು ಇದೆ, ಕರೆಂಟ್ ತಂತಿ ತಗ್ಗಿನಲ್ಲಿದೆ. ರೆಕ್ಕೆ ತಂತಿಗೆ ತಾಗಬಾರದು ಅಂದಾಗ ಮಡಚುವ ರೆಕ್ಕೆ ಹೊಳೆಯಿತು. ಮಡಚಿ ಬಿಚ್ಚುವ ಆ ರೆಕ್ಕೆಗೇ ಜನ ಹೋ ಅಂತ ಕೂಗಿದ್ದು. ತಂತಿ ಇಲ್ಲದಿದ್ದರೆ ಅದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಗೋಣಿಕೊಪ್ಪ ಸ್ಟುಡಿಯೋ

ಮೇಡಂ, ಆ ಪಟ್ಟಿ ಓದಿ ತುಂಬ ಹೊತ್ತು ಯೋಚಿಸಿದೆ. ಹೆಸರಾದವರು ಗುರುತು ಹಾಕಿದ ಪದಗಳಲ್ಲಿ ದುಡಿಮೆಗಾರ ಅನ್ನುವುದೂ ಇದೆಯಲ್ಲ, ಅದನ್ನು ಯಾರೂ ಗಮನಿಸುವುದಿಲ್ಲ. ಹೊಸತನದ ಪಕ್ಕದಲ್ಲೇ ಅದು ಕೂತಿದೆ. ನನ್ನ ಮಟ್ಟಿಗೆ ಅವೆರಡು ಬೇರೆ ಬೇರೆ ಅಲ್ಲ. ಸಾಲಿನ ಕೊನೆಯವರೆಗೂ ಕ್ಯಾಮೆರಾ ಇಳಿಸದೆ ನಿಲ್ಲುವುದು ದುಡಿಮೆ. ಕೊನೆಯ ಅಜ್ಜಿಯಲ್ಲಿ ಮೊದಲು ಕಾಣದ್ದು ಕಾಣುವುದು ಹೊಸತನ. ಒಂದಿಲ್ಲದೆ ಇನ್ನೊಂದು ಬರುವುದು ನಾನಂತೂ ನೋಡಿಲ್ಲ.

ತಂಗಿ, ನಿನ್ನ ಕಾಚಂಪುಳಿ ಕೆಲಸಕ್ಕೆ ದೊಡ್ಡ ಹೆಸರೇನೂ ಬೇಡ. "ಕೊಳ್ಳುವವರ ಕೈಯನ್ನು ನೋಡುತ್ತೇನೆ" ಅಂತ ಬರಿ. ಅದರ ಕೆಳಗೆ ನಡೆದದ್ದನ್ನು ಇಲ್ಲಿ ಬರೆದ ಹಾಗೇ ಬರಿ. ಸ್ಟುಡಿಯೋದವರು ಕಸುಬು ಬಲ್ಲವರಾದರೆ ಅದೊಂದೇ ಪ್ಯಾರಾ ಸಾಕು. ಸೃಜನಶೀಲತೆಗೆ ಸೇರುತ್ತದಾ ಅಂತ ಕೇಳಿದೆಯಲ್ಲ. ಖಂಡಿತ ಸೇರುತ್ತದೆ. ಬಾಟಲಿಯ ಒಳಗಿರುವ ಸಾಮಾನೇ ತನ್ನ ಜಾಹೀರಾತು ಅಂತ ಕಂಡುಕೊಂಡವಳು ನೀನು. ಏನನ್ನು ಬರೆಯದೆ ಬಿಡಬೇಕು ಅಂತ ತಿಳಿಯುವುದು ಬರೆಯುವುದಕ್ಕಿಂತ ಕಷ್ಟ.

ಲೇಬಲ್‌ಹುಡುಗಿ, ಕುಶಾಲನಗರ

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಕೂತು ಬರೆದು ಕಳಿಸಿಬಿಟ್ಟೆ. ಮೂರು ಹೀಗಿವೆ.

"ಕೊಳ್ಳುವವರ ಕೈಯನ್ನು ನೋಡುತ್ತೇನೆ." ಉದಾಹರಣೆಗೆ ಕಾಚಂಪುಳಿ.

"ಯಾರೂ ಕೇಳದಿದ್ದರೂ ಅಕ್ಷರದ ಒತ್ತು ಸರಿಯಾಗುವವರೆಗೆ ಬಿಡುವುದಿಲ್ಲ." ಇದಕ್ಕೆ ಒಂದು ಕಾಫಿಪುಡಿ ಪ್ಯಾಕೆಟ್ ಕೊಟ್ಟೆ. ಕನ್ನಡ ಫಾಂಟ್‌ನಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತದೆ. ಎಲ್ಲರೂ ಸಾಲಿನ ಅಂತರ ಜಾಸ್ತಿ ಮಾಡಿ ಬಿಡುತ್ತಾರೆ. ಹಾಗೆ ಮಾಡಿದರೆ ಹೆಸರು ಎರಡು ತುಂಡಾಗಿ ಕಾಣುತ್ತದೆ. ನಾನು ಅಂತರ ಹಾಗೇ ಇಟ್ಟು, ಒತ್ತುಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲಿ ಬರೆದು ಕೂರಿಸಿದ್ದೆ.

"ಒಪ್ಪಿಕೊಂಡ ದಿನಕ್ಕೆ ಕೊಡುತ್ತೇನೆ, ಅದರಿಂದ ಗಿರಾಕಿ ಮುಂದಿನ ಸಲ ಹೊಸದಕ್ಕೆ ಒಪ್ಪುತ್ತಾರೆ." ಜೇನಿನಿಂದ ಕಾಚಂಪುಳಿವರೆಗಿನ ಕಥೆ. ಇದನ್ನು ತೆಗೆದುಹಾಕಲಿಲ್ಲ. ಗೆಳತಿಗೂ ತೋರಿಸಿದೆ, ಅರ್ಧ ಭಾಗ ಒಪ್ಪಿದಳು.

ಮೇಡಂ, ಗೌರಮ್ಮನವರ ಕಥೆಗಳನ್ನು ನಾನು ಶಾಲೆಯ ಪಾಠದ ಆಚೆಗೆ ಓದಿಲ್ಲ. ಈ ವಾರ ಲೈಬ್ರರಿಯಿಂದ ತರುತ್ತೇನೆ.

ವಿರಾಜಪೇಟೆ ಅನಿಮೇಟರ್

ಅಕ್ಕ, ಒತ್ತಕ್ಷರ ಕೂರಿಸಿದ್ದು ನಿಜವಾಗಿ ದೊಡ್ಡ ಕೆಲಸ. ಆ ಪ್ಯಾಕೆಟ್‌ನ ಫೋಟೋ ಇದ್ದರೆ ಹಾಕಿ.

ಮಂಟಪದ ಅಣ್ಣ, ಮಡಚುವ ರೆಕ್ಕೆ ಹೇಗೆ ಕೂರಿಸಿದ್ದು ಅಂತ ನೋಡಬೇಕು. ನನ್ನ ಅನಿಮೇಷನ್‌ನಲ್ಲಿ ಹಕ್ಕಿಗಳು ಹಾರುತ್ತವೆ, ಆದರೆ ಮೈಗೆ ತೂಕ ಇದ್ದ ಹಾಗೆ ಕಾಣುವುದಿಲ್ಲ. ಅದೇ ನನಗೆ ಬೇಕಾಗಿರುವುದು. ಈ ವರ್ಷ ಶೆಡ್ಡಿಗೆ ಬಂದು ಕೆಲಸ ಮಾಡಬಹುದಾ? ದುಡ್ಡು ಬೇಡ.

ದಸರಾ ಮಂಟಪದವನು, ಮಡಿಕೇರಿ

ಬಾ ತಮ್ಮ. ಗಣೇಶ ಚೌತಿ ಕಳೆದ ಮೇಲೆ ಕೆಲಸ ಜೋರಾಗುತ್ತದೆ, ಆಗ ಬಂದರೆ ಎಲ್ಲಾ ನೋಡಬಹುದು. ಮೊದಲು ಮೋಟಾರ್, ವೈರಿಂಗ್ ಹಿಡಿಯಲು ಹೇಳುತ್ತೇವೆ, ಬಣ್ಣ ಆಮೇಲೆ. ವೆಲ್ಡಿಂಗ್ ನಡೆಯುವ ಜಾಗ, ಚಪ್ಪಲಿ ಹಾಕಿಕೊಂಡು ಬರಬೇಡ, ಶೂ ಇರಲಿ. ಊಟ ನಮ್ಮ ಜೊತೆಗೇ. ನಂಬರನ್ನು ಇಲ್ಲಿ ಹಾಕುವುದು ಬೇಡ, ಮೆಸೇಜ್ ಕಳಿಸು.